ಡಯಟ್ ಕೋಲಾ ಕುಡಿಯುತ್ತ ಕಳೆದ ಮೂರು ತಿಂಗಳು

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ತಂಗಿ ವಿನೋದಳ ಕಾಲು ಅವಳ ಚಪ್ಪಲಿಯೊಳಗೆ ಹೋಗದಾಯಿತು.

"ಹೊಸ ಚಪ್ಪಲಿ ಅಣ್ಣ, ಒಂದೇ ತಿಂಗಳಲ್ಲಿ ಸಣ್ಣದಾಗಿ ಹೋಯಿತು," ಎಂದು ಅವಳು ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ಅವಳು ಅಜೆಕಾರಿನ ಹತ್ತಿರ ಅಂಗನವಾಡಿ ಟೀಚರ್. ದಿನವಿಡೀ ಮಕ್ಕಳ ಹಿಂದೆ ಓಡುವವಳು. ನಿಂತು ನಿಂತು ಕಾಲು ಊದಿರಬೇಕು ಎಂದುಕೊಂಡೆವು. ವಾರ ಕಳೆದ ಮೇಲೆ ಕಣ್ಣಿನ ಸುತ್ತ ಬಾವು ಬಂತು. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕಾರ್ಕಳದ ಡಾಕ್ಟರು ಅವಳ ಬಿಪಿ ನೋಡಿದರು, ಇನ್ನೊಮ್ಮೆ ನೋಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟು ಬಂದ ಮೇಲೆ, "ಮಣಿಪಾಲಕ್ಕೆ ಹೋಗಿ. ನಾಳೆ ಅಲ್ಲ, ಇವತ್ತೇ," ಎಂದರು.

ಎರಡೂ ಕಿಡ್ನಿ ಸೋತಿದ್ದವು.

ಅವಳಿಗೆ ಆಗ ನಲವತ್ತೆರಡು. ಗಂಡ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಪಿಯುಸಿ ಓದುತ್ತಿದ್ದಳು. ವಾರಕ್ಕೆ ಮೂರು ಸಲ ಕಾರ್ಕಳದಲ್ಲಿ ಡಯಾಲಿಸಿಸ್ ಶುರುವಾಯಿತು. ಸೂಜಿ ಚುಚ್ಚಲು ಅನುಕೂಲವಾಗಲೆಂದು ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದರು. ಅಲ್ಲಿ ಕೈಯಿಟ್ಟರೆ ಚರ್ಮದ ಕೆಳಗೆ ರಕ್ತ ಗುಂಯ್ ಎಂದು ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು. ಡಯಾಲಿಸಿಸ್ ಆದ ದಿನ ಅವಳು ಮಲಗಿಯೇ ಇರುತ್ತಿದ್ದಳು. ಮರುದಿನ ಸ್ವಲ್ಪ ಎದ್ದು ಓಡಾಡುವಷ್ಟರಲ್ಲಿ ಅದರ ಮರುದಿನ ಮತ್ತೆ ಡಯಾಲಿಸಿಸ್.

ಕಿಡ್ನಿ ಬದಲಿಸಬಹುದು, ಮನೆಯವರು ಯಾರಾದರೂ ಕೊಡುವವರಿದ್ದರೆ ನೋಡಿ ಎಂದು ಮಣಿಪಾಲದ ಡಾಕ್ಟರು ಹೇಳಿದರು. ಅವಳ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಉಳಿದವನು ನಾನೊಬ್ಬ. ನನ್ನದು ಹೊಂದಿತು. ಬರೀ ಹೊಂದಿದ್ದಲ್ಲ, ತುಂಬ ಚೆನ್ನಾಗಿ ಹೊಂದಿತು ಎಂದರು.

ಆ ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಹರೀಶ್, ತೂಕ ಎಷ್ಟು?"

"ನೂರರ ಹತ್ತಿರ ಇರಬಹುದು ಡಾಕ್ಟ್ರೇ."

ಯಂತ್ರದ ಮೇಲೆ ನಿಲ್ಲಿಸಿದರು. ನೂರಾ ಆರು.

ನನ್ನ ಎತ್ತರ ಐದಡಿ ಏಳು ಇಂಚು. ಲಿವರಿನಲ್ಲಿ ಕೊಬ್ಬು ಬೇರೆ ಇತ್ತು. ಈ ತೂಕದಲ್ಲಿ ಆಪರೇಷನ್ ನನಗೆ ಅಪಾಯ. ಅದಕ್ಕಿಂತ ಹೆಚ್ಚಾಗಿ, ಒಂದೇ ಕಿಡ್ನಿಯಲ್ಲಿ ಮುಂದೆ ಬದುಕಬೇಕಾದವನಿಗೆ ಈ ತೂಕವೇ ಅಪಾಯ ಎಂದು ಅವರು ವಿವರಿಸಿದರು. "ಎಂಬತ್ತಾರಕ್ಕೆ ಇಳಿಸಿಕೊಂಡು ಬನ್ನಿ. ನಾವು ಸಿದ್ಧ ಇದ್ದೇವೆ."

ಇಪ್ಪತ್ತು ಕಿಲೋ.

ನಾನು ಕಾಪುವಿನಲ್ಲಿ ಕೂಲ್ ಡ್ರಿಂಕ್ಸ್ ಹೋಲ್‌ಸೇಲ್ ಅಂಗಡಿ ನಡೆಸುವವನು. ಕಾಪುವಿನಿಂದ ಉಡುಪಿಯವರೆಗಿನ ಹೋಟೆಲು, ಬೇಕರಿಗಳಿಗೆ ಬಾಟಲಿ ಹಾಕುತ್ತೇನೆ. ಇಪ್ಪತ್ತೆರಡು ವರ್ಷದಿಂದ ನನ್ನ ಬಾಯಾರಿಕೆಗೆ ಉತ್ತರ ನನ್ನ ಫ್ರಿಜ್ಜಿನಲ್ಲೇ ಇತ್ತು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒಂದು ಬಾಟಲಿ. ಲೋಡು ಇಳಿಸಿದ ಮೇಲೆ ಒಂದು. ಊಟದ ಜೊತೆ, ಊಟದ ನಂತರ, ಸಂಜೆ ಎಣ್ಣೆಯಲ್ಲಿ ಕರಿದ ಪೋಡಿಯ ಜೊತೆ. ದಿನಕ್ಕೆ ಆರೇಳು ಆಗುತ್ತಿತ್ತು. ಬರೀ ನೀರನ್ನು ನಾನು ಮಾತ್ರೆ ನುಂಗಲಿಕ್ಕೆ ಮಾತ್ರ ಕುಡಿಯುತ್ತಿದ್ದೆ.

ಡಾಕ್ಟರ ಕೋಣೆಯಿಂದ ಬಂದ ದಿನವೇ ಸಕ್ಕರೆಯ ಬಾಟಲಿ ಬಿಟ್ಟೆ. ಬಿಡುವುದು ಕಷ್ಟವಾಗಲಿಲ್ಲ. ಏಕೆಂದರೆ ಅದೇ ಫ್ರಿಜ್ಜಿನ ಕೆಳಗಿನ ಸಾಲಿನಲ್ಲಿ ಡಯಟ್ ಕೋಲಾ ಇತ್ತು. ಡಬ್ಬಿಯ ಮೇಲೆ ದೊಡ್ಡದಾಗಿ ಸೊನ್ನೆ. ಅದೇ ಬಣ್ಣ, ಅದೇ ನೊರೆ, ಹೆಚ್ಚುಕಡಿಮೆ ಅದೇ ರುಚಿ. ಸಕ್ಕರೆ ಇಲ್ಲ.

ಎರಡು ತಿಂಗಳಲ್ಲಿ ಎಂಟು ಕಿಲೋ ಇಳಿಯಿತು.

ನಾನು ಊರಿಗೆಲ್ಲ ಉಪದೇಶ ಮಾಡತೊಡಗಿದೆ. ಅಂಗಡಿಗೆ ಬಂದವರಿಗೆ ಡಬ್ಬಿ ತೋರಿಸಿ, "ಇದನ್ನು ಕುಡಿಯಿರಿ ಮಾರಾಯ್ರೆ, ನನ್ನ ಹೊಟ್ಟೆ ನೋಡಿ," ಎನ್ನುತ್ತಿದ್ದೆ. ವಿನೋದಳಿಗೆ ಪ್ರತಿ ವಾರ ಫೋನಿನಲ್ಲಿ ತೂಕ ಹೇಳುತ್ತಿದ್ದೆ. ಅವಳು ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಮೂರನೆಯ ತಿಂಗಳು ತೂಕ ತೊಂಬತ್ತೆಂಟರಲ್ಲಿ ನಿಂತಿತು. ನಾಲ್ಕನೆಯ ತಿಂಗಳೂ ತೊಂಬತ್ತೆಂಟು. ಐದನೆಯ ತಿಂಗಳಲ್ಲಿ ತೊಂಬತ್ತೊಂಬತ್ತೂವರೆ.

ಆ ಮೂರು ತಿಂಗಳ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ. ಆದರೆ ಅದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮಣಿಪಾಲದ ಡಯಟೀಷಿಯನ್ ಮೂವತ್ತು ದಾಟಿರದ ಹುಡುಗಿ. ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಲು ಹೇಳಿದ್ದರು. ಬರೆದುಕೊಂಡು ಹೋದೆ. ಅವರು ಒಂದೊಂದೇ ಪುಟ ತಿರುವಿ ಪೆನ್ಸಿಲಿನಲ್ಲಿ ಗೆರೆ ಎಳೆದರು.

"ದಿನಕ್ಕೆ ಐದು ಡಬ್ಬಿ ಡಯಟ್ ಕೋಲಾ ಉಂಟಲ್ಲ ಸರ್?"

"ಅದರಲ್ಲಿ ಸೊನ್ನೆ ಅಲ್ವಾ ಮೇಡಂ?"

"ಅದರಲ್ಲಿ ಸೊನ್ನೆ. ಅದರ ಪಕ್ಕದಲ್ಲಿ ಎಂತ ಬರೆದಿದ್ದೀರಿ, ನೀವೇ ಓದಿ."

ಓದಿದೆ. ಡಬ್ಬಿ, ಎರಡು ಬನ್ಸ್. ಡಬ್ಬಿ, ಗೋಳಿಬಜೆ ಒಂದು ಪ್ಲೇಟು. ಡಬ್ಬಿ, ಚಕ್ಕುಲಿ. ಡಬ್ಬಿ, ಕೋರಿ ರೊಟ್ಟಿ, ರೊಟ್ಟಿ ಎರಡನೆಯ ಸಲ. ಕುಡಿದದ್ದು ಡಯಟ್ ಎಂಬ ಧೈರ್ಯದಲ್ಲಿ ತಿಂದದ್ದಕ್ಕೆ ಲೆಕ್ಕವೇ ಇರಲಿಲ್ಲ.

"ಹಾಗಾದರೆ ಇದು ವಿಷವಾ?" ಎಂದು ಕೇಳಿದೆ. ಆ ಹೊತ್ತಿಗೆ ವಾಟ್ಸಾಪಿನಲ್ಲಿ ಹಾಗೆ ಬಂದ ಸಂದೇಶಗಳನ್ನು ಹತ್ತು ಮಂದಿ ನನಗೆ ಕಳಿಸಿದ್ದರು.

ಅವರು ಅಲ್ಲ ಎಂದು ತಲೆಯಾಡಿಸಿದರು. "ವಿಷ ಅಂತ ನಾನು ಹೇಳುವುದಿಲ್ಲ. ಸಕ್ಕರೆಯದ್ದು ಏಳು ಬಾಟಲಿ ಕುಡಿಯುತ್ತಿದ್ದವರು ಇದಕ್ಕೆ ಬಂದಿರಿ, ಅದರಿಂದ ನಿಮಗೆ ಉಪಕಾರವೇ ಆಯಿತು. ಮೊದಲ ಎಂಟು ಕಿಲೋ ಹೆಚ್ಚಾಗಿ ಹಾಗೆಯೇ ಹೋದದ್ದು. ಆದರೆ ಇದು ತೂಕ ಇಳಿಸುವ ಮದ್ದಲ್ಲ. ಬಾಯಿಗೆ ಸಿಹಿ ಬೇಕು ಎನ್ನುವ ಅಭ್ಯಾಸ ಹಾಗೆಯೇ ಉಳಿದಿದೆ ನಿಮಗೆ. ವರ್ಷಗಟ್ಟಲೆ ಕುಡಿದರೆ ಏನಾಗುತ್ತದೆ ಎನ್ನುವುದರಲ್ಲಿ ತಿಳಿದವರಲ್ಲೇ ಒಮ್ಮತ ಇಲ್ಲ. ಕಿಡ್ನಿ ಕೊಡುವವರು ನೀವು, ನಿಮಗೆ ಯಾಕೆ ಆ ಗೊಂದಲ? ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬನ್ನಿ."

"ಸರಿ ಮೇಡಂ," ಎಂದೆ.

ಹೊರಗೆ ಬಂದು ಕಾರಿನಲ್ಲಿ ಕೂತು ಇನ್ನೊಂದು ಡಬ್ಬಿ ತೆರೆದೆ.

ಅದು ಮೇ ತಿಂಗಳು. ಆ ವಾರ ಒಂದು ದಿನ ಡಯಾಲಿಸಿಸ್ ಮುಗಿಸಿದ ವಿನೋದಳನ್ನು ಕಾರ್ಕಳದಿಂದ ಅಜೆಕಾರಿಗೆ ಬಿಡಲು ನಾನೇ ಹೋಗಿದ್ದೆ. ಅವಳು ಪಕ್ಕದ ಸೀಟಿನಲ್ಲಿ ತಲೆ ಒರಗಿಸಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಾನು ಎಂದಿನಂತೆ ಡಬ್ಬಿ ತೆರೆದು ಗಟಗಟ ಕುಡಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.

"ಅದರಲ್ಲಿ ಎಷ್ಟು ಉಂಟು ಅಣ್ಣ?"

"ಮುನ್ನೂರು ಎಂಎಲ್."

"ನನಗೆ ಡಾಕ್ಟರು ಇಡೀ ದಿನಕ್ಕೆ ಕೊಟ್ಟದ್ದು ಏಳ್ನೂರು. ಚಹಾ, ಗಂಜಿಯ ತಿಳಿ, ಮಾತ್ರೆಯ ನೀರು, ಎಲ್ಲ ಸೇರಿ." ಅವಳು ಮತ್ತೆ ಹೇಳಿದಳು. "ನೀನು ತೂಕ ಹೇಳದೆ ಆರು ವಾರ ಆಯಿತು."

ನಾನು ಡಬ್ಬಿಯನ್ನು ಕೆಳಗಿಟ್ಟೆ.

"ಆಗದಿದ್ದರೆ ಬೇಡ ಅಣ್ಣ. ನಿಜವಾಗಿ ಹೇಳುತ್ತಿದ್ದೇನೆ. ನಿನಗೂ ಹೆಂಡತಿ ಮಕ್ಕಳಿದ್ದಾರೆ. ಡಯಾಲಿಸಿಸ್‌ನಲ್ಲೇ ಹತ್ತು ವರ್ಷ ಇದ್ದವರು ಉಂಟಂತೆ. ಆದರೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳು. ನಾನು ಕಾದುಕೊಂಡಿರುವುದು ಬೇಡ ಅಲ್ವಾ?"

ನಮ್ಮ ಮನೆಮಾತು ತುಳು. ಅವಳು ಇದನ್ನು ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತಂದಾಗ ಅದರ ಮೆತ್ತಗಿನ ದನಿ ಉಳಿಯಿತೋ ಇಲ್ಲವೋ ಗೊತ್ತಿಲ್ಲ. ಅವಳು ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಅವಳು ಬೈಯಲಿಲ್ಲ. ಮನೆ ಬಂದಾಗ ಬಾಗಿಲು ಹಿಡಿದು ನಿಧಾನವಾಗಿ ಇಳಿದು, "ಜಾಗ್ರತೆ, ಮೆಲ್ಲ ಹೋಗು," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಸುಜಯ ಹಿತ್ತಲಲ್ಲಿ ಬಂಗುಡೆ ಮೀನು ಕತ್ತರಿಸುತ್ತಿದ್ದಳು. ನಾನು ಹೋಗಿ ಕಲ್ಲಿನ ಮೇಲೆ ಕೂತೆ. ಕಾರಿನಲ್ಲಿ ನಡೆದದ್ದನ್ನು ಹೇಳಿದೆ. ಅವಳು ಕೈ ತೊಳೆಯಲಿಲ್ಲ, ತಲೆ ಎತ್ತಲೂ ಇಲ್ಲ.

"ಒಂದು ಕೇಳುತ್ತೇನೆ, ಕೋಪ ಮಾಡಬೇಡಿ. ನಿಮಗೆ ಹೆದರಿಕೆ ಉಂಟಾ?"

"ಎಂತದ್ದಕ್ಕೆ?"

"ಆಪರೇಷನ್ನಿಗೆ."

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಅಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ.

ಉಂಟು ಎಂದೆ.

ಆ ಒಂದು ಮಾತು ಹೊರಬಂದ ಮೇಲೆ ಉಳಿದದ್ದೂ ಬಂತು. ತೂಕ ನಿಂತ ದಿನ ಬೇಸರವಾಗಿದ್ದು ನಿಜ. ಆದರೆ ಆ ಬೇಸರದ ಅಡಿಯಲ್ಲಿ ಒಂದು ನಿರಾಳವೂ ಇತ್ತು. ಈ ತಿಂಗಳು ಆಪರೇಷನ್ ಇಲ್ಲ ಎಂಬ ನಿರಾಳ. ಡಯಟ್ ಕೋಲಾ ನನಗೆ ಅದಕ್ಕೇ ಬೇಕಾಗಿತ್ತು. ಕೈಯಲ್ಲಿ ಆ ಡಬ್ಬಿ ಇದ್ದರೆ ನಾನು ಪ್ರಯತ್ನ ಮಾಡುತ್ತಿದ್ದೇನೆ ಎಂದು ನೋಡಿದವರು ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆಪರೇಷನ್ ಟೇಬಲಿನ ಮೇಲೆ ಮಲಗುವ ಭಯಕ್ಕಿಂತ ನನ್ನೊಳಗಿನ ಈ ಮನುಷ್ಯನನ್ನು ಕಂಡಾಗ ಆದ ನಾಚಿಕೆ ದೊಡ್ಡದಾಗಿತ್ತು.

ಸುಜಯ ಆಗ ಎದ್ದು ಕೈ ತೊಳೆದಳು. "ನನಗೂ ಹೆದರಿಕೆ ಉಂಟು. ಹೇಳಿದರೆ ನೀವು ಅದನ್ನೇ ನೆಪ ಮಾಡುತ್ತೀರಿ ಅಂತ ಹೇಳಲಿಲ್ಲ. ಹೆದರಿಕೆ ಇರಲಿ. ನಾಳೆಯಿಂದ ನಿಮ್ಮ ಬಟ್ಟಲಿಗೆ ಬಡಿಸುವುದು ನಾನು. ಕೇಳಬೇಡಿ, ತಿನ್ನಿ."

ಡಯಟೀಷಿಯನ್ ಸ್ವಲ್ಪ ಸ್ವಲ್ಪವಾಗಿ ಬಿಡಿ ಎಂದಿದ್ದರು. ನಾನು ಒಂದೇ ದಿನಕ್ಕೆ ಬಿಟ್ಟೆ. ಅದು ತಪ್ಪೇ. ಮೂರು ದಿನ ತಲೆ ಸಿಡಿಯುವಂಥ ನೋವು. ನಾಲ್ಕನೆಯ ದಿನ ಒಬ್ಬ ಬೇಕರಿಯವನಿಗೆ ಕಾರಣವಿಲ್ಲದೆ ಗದರಿ, ಸಂಜೆ ಅವನ ಅಂಗಡಿಗೇ ಹೋಗಿ ಕ್ಷಮೆ ಕೇಳಿದೆ. ಕೋಲಾದಲ್ಲಿರುವ ಕೆಫೀನ್ ತಪ್ಪಿದರೆ ಹಾಗಾಗುತ್ತದೆ ಎಂದು ಡಯಟೀಷಿಯನ್ ಫೋನಿನಲ್ಲಿ ವಿವರಿಸಿದರು. ಬೈಯಲಿಲ್ಲ. ವಾರ ಕಳೆದ ಮೇಲೆ ತಲೆನೋವು ಹೋಯಿತು. ಹಿಂದೆಯೇ ಎರಡು ಸಂಗತಿ ನಡೆದವು. ಮಲಗಿದ ಕೂಡಲೇ ನಿದ್ದೆ ಬರತೊಡಗಿತು. ವರ್ಷಗಳಿಂದ ಜೊತೆಗಿದ್ದ ಹುಳಿತೇಗು, ಹೊಟ್ಟೆಯುಬ್ಬರ ಇಳಿಯಿತು. ಅವು ಎಲ್ಲರಿಗೂ ಇದರಿಂದಲೇ ಬರುತ್ತವೆ ಎಂದು ನಾನು ಹೇಳಲಾರೆ. ನನಗೆ ಹಾಗಾಯಿತು.

ಸಂಜೆ ನಾಲ್ಕು ಗಂಟೆ ಮಾತ್ರ ಬಹಳ ದಿನ ಕಾಡಿತು. ಕೈ ತಾನಾಗಿ ಫ್ರಿಜ್ಜಿನ ಕಡೆಗೆ ಹೋಗುತ್ತಿತ್ತು. ಸುಜಯ ದಪ್ಪ ಫ್ಲಾಸ್ಕಿನಲ್ಲಿ ನೀರುಮಜ್ಜಿಗೆ ಕಳಿಸುತ್ತಿದ್ದಳು, ಅದಕ್ಕೆ ಶುಂಠಿ, ಕರಿಬೇವು ಹಾಕಿ. ಊಟಕ್ಕೆ ಕುಚ್ಚಲಕ್ಕಿ ಅನ್ನ ಒಂದೂವರೆ ಸೌಟು, ಬಸಳೆಯೋ ತೊಂಡೆಕಾಯಿಯೋ ತುಂಬ, ಮೀನು ಸಾರಿನಲ್ಲಿ ಮಾತ್ರ. ಎಣ್ಣೆಯಲ್ಲಿ ಕಾಯಿಸಿದ ಮೀನು ತಿಂಗಳಿಗೆ ಎರಡು ಸಲ. ಬೆಳಿಗ್ಗೆ ಕಾಪು ಪೇಟೆಯಿಂದ ಕಡಲ ದಡದ ದೀಪಸ್ತಂಭದವರೆಗೆ ನಡೆದು ಹಿಂದೆ ಬರುವುದು. ಮೊದಲು ಒಮ್ಮೆ ಹೋಗಿ ಬರಲು ಮೊಣಕಾಲು ಅಳುತ್ತಿತ್ತು. ಮಳೆಗಾಲದಲ್ಲಿ ಕೊಡೆ ಹಿಡಿದು ಎರಡು ಸಲ ಹೋಗಿ ಬರುವಂತಾದೆ. ಸುಜಯಳೂ ಜೊತೆಗೆ ಬರುತ್ತಿದ್ದಳು. ಮಕ್ಕಳು ಸಣ್ಣವರಿದ್ದಾಗಿನಿಂದ ನಾವಿಬ್ಬರೇ ಮಾತನಾಡುತ್ತ ಅಷ್ಟು ಹೊತ್ತು ಕಳೆದದ್ದು ನನಗೆ ನೆನಪಿಲ್ಲ.

ಮತ್ತೆ ಪ್ರತಿ ಸೋಮವಾರ ತಂಗಿಗೆ ಫೋನು ಮಾಡಿದೆ. ತೊಂಬತ್ತಾರು. ತೊಂಬತ್ತೈದೂವರೆ. ಒಂದು ವಾರ ಏರಿದ್ದೂ ಉಂಟು. ಏರಿದ್ದನ್ನೂ ಹೇಳಿದೆ. ಅವಳು, "ಆಯಿತು, ಬರೆದುಕೊಂಡೆ," ಎನ್ನುತ್ತಿದ್ದಳು. ಅಷ್ಟೇ.

ನವೆಂಬರಿನಲ್ಲಿ ಎಂಬತ್ತಾರು.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ಅಂಗದಾನಕ್ಕೆ ಅನುಮತಿ ಕೊಡುವ ಒಂದು ಕಮಿಟಿಯ ಎದುರು ಕೂರಬೇಕು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಆಮೇಲೆ ಸುಜಯಳ ಕಡೆಗೆ ತಿರುಗಿ, "ನಿಮ್ಮ ಒಪ್ಪಿಗೆ ಉಂಟಾ ಅಮ್ಮ?" ಎಂದರು. ದಾಖಲೆಗೆಂದು ಕ್ಯಾಮೆರಾ ಓಡುತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು:

"ಇವರಿಗೆ ಹೆದರಿಕೆ ಉಂಟು, ನನಗೂ ಉಂಟು. ಆದರೆ ಬೇಡ ಅಂತ ಹೇಳಿ ಮನೆಗೆ ಹೋದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಹೇಗೆ? ಒಪ್ಪಿಗೆ ಉಂಟು."

ಕಮಿಟಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಆಪರೇಷನ್ನಿನ ದಿನ ನೆನಪಿರುವುದು ಸ್ವಲ್ಪ. ಚಳಿ. ಮೇಲೆ ದೊಡ್ಡ ದೀಪ. ಎಚ್ಚರವಾದಾಗ ಹೊಟ್ಟೆಗಿಂತ ಭುಜ ನೋಯುತ್ತಿತ್ತು. ಹೊಟ್ಟೆಗೆ ಗ್ಯಾಸ್ ತುಂಬಿಸಿ ಮಾಡುವ ಆಪರೇಷನ್, ಹಾಗಾಗಿ ಭುಜ ನೋಯುವುದುಂಟು ಎಂದು ನರ್ಸ್ ಹೇಳಿದರು. ನಾನು ತಂಗಿಯ ಬಗ್ಗೆ ಕೇಳಲು ಬಾಯಿ ತೆರೆದೆ. ಗಂಟಲಲ್ಲಿ ದನಿ ಇರಲಿಲ್ಲ. ಆದರೂ ಅವರಿಗೆ ಗೊತ್ತಾಯಿತು.

"ತಂಗಿಗೆ ಮೂತ್ರ ಬರ್ತಾ ಉಂಟು ಅಣ್ಣ, ಹೊಸ ಕಿಡ್ನಿ ಕೆಲಸ ಮಾಡ್ತಾ ಉಂಟು. ಟೇಬಲಿನ ಮೇಲೆಯೇ ಶುರುವಾಯಿತಂತೆ."

ನಾನು ಅತ್ತುಬಿಟ್ಟೆ. ಅತ್ತರೆ ಹೊಲಿಗೆ ಎಳೆಯುತ್ತಿತ್ತು. ಎಳೆದರೂ ಅತ್ತೆ.

ಹೊರಗೆ ಕಾಯುತ್ತಿದ್ದ ಸುಜಯ ಆ ಸುದ್ದಿಯನ್ನು ಮಸ್ಕತ್‌ಗೆ, ಅಮ್ಮನಿಗೆ, ಅಂಗನವಾಡಿಯ ಸಹಾಯಕಿಗೆ ಫೋನಿನಲ್ಲಿ ಗಟ್ಟಿಯಾಗಿ ಹೇಳಿದಳಂತೆ. "ಮೂತ್ರ ಬಂತು, ಮೂತ್ರ ಬಂತು" ಎಂದು ವರಾಂಡದಲ್ಲಿ ಕೂಗಿ ಹೇಳುವ ಹೆಂಗಸನ್ನು ನೋಡಿ ಹೊಸಬರು ಗಾಬರಿಯಾದರು. ಕಿಡ್ನಿ ವಾರ್ಡಿನವರು ಮಾತ್ರ ಬಂದು ಅವಳ ಕೈ ಹಿಡಿದುಕೊಂಡರು.

ಐದನೆಯ ದಿನ ನಾನು ಮನೆಗೆ ಬಂದೆ. ವಿನೋದಳಿಗೆ ಮೂರು ವಾರ ಬೇಕಾಯಿತು. ನಡುವೆ ಒಂದು ಸಲ ಅವಳ ರಕ್ತದಲ್ಲಿ ಕ್ರಿಯೇಟಿನಿನ್ ಏರಿ, ಹೊಸ ಕಿಡ್ನಿಯೂ ಸೋಲುತ್ತದೋ ಎಂದು ನಮ್ಮ ಜೀವ ಬಾಯಿಗೆ ಬಂತು. ಮದ್ದು ಬದಲಿಸಿದ ಮೇಲೆ ಇಳಿಯಿತು. ಅವಳು ಜೀವನಪೂರ್ತಿ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಬೇಕು. ನಾನೂ ಬಿಪಿ ನೋಡಿಸಿಕೊಳ್ಳುತ್ತಿರಬೇಕು, ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು, ತೂಕ ಏರಲು ಬಿಡಬಾರದು. ಈಗಾಗಲೇ ಎರಡು ಕಿಲೋ ಏರಿದೆ. ಸುಜಯ ಅನ್ನದ ಸೌಟನ್ನು ಮತ್ತೆ ಒಂದೂವರೆಗೆ ತಂದಿದ್ದಾಳೆ.

ನನ್ನ ಅಂಗಡಿಯಲ್ಲಿ ಇಂದಿಗೂ ಡಯಟ್ ಕೋಲಾ ಉಂಟು. ತೂಕ ಇಳಿಸಲು ಇದು ಒಳ್ಳೆಯದಾ ಎಂದು ಜನ ಕೇಳುತ್ತಾರೆ. ನನ್ನ ಹೊಟ್ಟೆ ನೋಡಿ ಎಂದು ನಾನೀಗ ಹೇಳುವುದಿಲ್ಲ. ಸಕ್ಕರೆಯದ್ದನ್ನು ಬಿಡಲು ಆಗದವರಿಗೆ ಇದು ನಡುವಿನ ಒಂದು ಮೆಟ್ಟಿಲು, ಅಲ್ಲೇ ಕೂತುಬಿಡಬೇಡಿ, ಅದರ ಜೊತೆ ಎಂತ ತಿನ್ನುತ್ತೀರಿ ನೋಡಿಕೊಳ್ಳಿ ಎನ್ನುತ್ತೇನೆ. ವಿಷ ಎಂದು ಹೆದರಿಸುವವರ ಜೊತೆಗೂ ನಾನಿಲ್ಲ. ಮೊದಲ ಎಂಟು ಕಿಲೋ ಇಳಿಸಿಕೊಟ್ಟದ್ದನ್ನು ಬೈದರೆ ಸುಳ್ಳು ಹೇಳಿದಂತೆ. ನನ್ನ ಆ ಮೂರು ತಿಂಗಳು ಹಾಳಾದದ್ದು ಡಬ್ಬಿಯಿಂದಲ್ಲ, ಡಬ್ಬಿಯನ್ನು ನಾನು ಬಳಸಿಕೊಂಡ ರೀತಿಯಿಂದ.

ಋಣ ಬಹಳ ಮಂದಿಯದ್ದಿದೆ. ಪುಸ್ತಕದ ಪುಟಗಳನ್ನು ನನ್ನಿಂದಲೇ ಓದಿಸಿದ ಆ ಡಯಟೀಷಿಯನ್. ವಿನೋದಳ ರಕ್ತನಾಳ ಸಿಗದ ದಿನಗಳಲ್ಲಿ ಅವಳಿಗೆ ಕಥೆ ಹೇಳುತ್ತ ಸೂಜಿ ಚುಚ್ಚುತ್ತಿದ್ದ ಕಾರ್ಕಳದ ಡಯಾಲಿಸಿಸ್ ಟೆಕ್ನಿಷಿಯನ್. ಹಿತ್ತಲಿನಲ್ಲಿ ಒಂದು ಪ್ರಶ್ನೆ ಕೇಳಿದ ನನ್ನ ಹೆಂಡತಿ. ಎಲ್ಲರಿಗಿಂತ ಹೆಚ್ಚಾಗಿ, ಆಗದಿದ್ದರೆ ಬೇಡ ಎಂದು ನನ್ನನ್ನು ಈ ಹೊಣೆಯಿಂದ ಬಿಡಿಸಲು ತಯಾರಾಗಿದ್ದ ತಂಗಿ. ನಾನು ಅವಳಿಗೆ ಕಿಡ್ನಿ ಕೊಟ್ಟೆ ಎಂದು ಊರವರು ಹೊಗಳುತ್ತಾರೆ. ಆ ಕೊಡುವ ಯೋಗ್ಯತೆ ನನಗೆ ಬಂದದ್ದು ಅವಳಿಂದ ಎಂದು ಅವರಿಗೆ ಗೊತ್ತಿಲ್ಲ.

ಕಳೆದ ವಾರ ಇಬ್ಬರಿಗೂ ಮಣಿಪಾಲದಲ್ಲಿ ಚೆಕಪ್ ಇತ್ತು. ಡಾಕ್ಟರು ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ನೋಡಿದರು.

"ಸದ್ಯಕ್ಕೆ ಇಬ್ಬರದ್ದೂ ಚೆನ್ನಾಗಿ ಉಂಟು."

"ಸದ್ಯಕ್ಕೆ ಅಂದರೆ ಎಲ್ಲಿಯವರೆಗೆ ಡಾಕ್ಟ್ರೇ?" ಎಂದು ವಿನೋದ ಕೇಳಿದಳು.

"ಮುಂದಿನ ಚೆಕಪ್‌ವರೆಗೆ. ನನಗೂ ಅಷ್ಟೇ ಗೊತ್ತಿರುವುದು," ಎಂದು ಅವರು ನಕ್ಕರು.

ಅಷ್ಟು ಸಾಕು ಎಂದು ಇಬ್ಬರೂ ಎದ್ದು ಬಂದೆವು. ನಾನು ಕಾರಿನ ಬೀಗ ತೆಗೆದೆ. ಅವಳು ಹತ್ತಲಿಲ್ಲ.

"ನೀನು ಕಾಪುವಿಗೆ ಹೋಗು ಅಣ್ಣ. ನಾನು ಬಸ್ಸಿನಲ್ಲಿ ಹೋಗುತ್ತೇನೆ. ಡಾಕ್ಟರು ಆಗಬಹುದು ಅಂದಿದ್ದಾರೆ."

"ಒಬ್ಬಳೇ?"

"ಒಬ್ಬಳೇ. ಎಂತಾಗುತ್ತದೆ? ಸೋಂಕು ತಗಲದ ಹಾಗೆ ಮಾಸ್ಕ್ ಉಂಟು."

ಬೇಡ ಎನ್ನಲು ಹೊರಟವನು ಕಾರಿಗೆ ಮತ್ತೆ ಬೀಗ ಹಾಕಿ ಅವಳ ಜೊತೆ ಬಸ್ ಸ್ಟಾಪಿನವರೆಗೆ ನಡೆದೆ. ಕಾರ್ಕಳದ ಬಸ್ಸು ಬಂತು. ಅವಳು ಕಂಬಿ ಹಿಡಿದು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದಳು. ಬಸ್ಸು ಹೊರಡುವಾಗ ಕೈಬೀಸಬೇಕೆಂದು ನಾನು ಕೈ ಎತ್ತಿ ನಿಂತಿದ್ದೆ. ಅವಳು ಪಕ್ಕದಲ್ಲಿ ಕೂತ ಹೆಂಗಸಿನ ಜೊತೆ ಆಗಲೇ ಏನೋ ಮಾತಿಗೆ ಇಳಿದಿದ್ದಳು. ನಾನು ಅಲ್ಲಿ ನಿಂತಿರುವುದು ಅವಳಿಗೆ ಮರೆತೇಹೋಗಿತ್ತು.

ಎತ್ತಿದ ಕೈಯನ್ನು ಇಳಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಖುಷಿಯಿಂದ ಕಾರು ಹತ್ತಿದೆ.